ಮಾತಿಗೆ ಅನುಮತಿ ಕೊಡುವ ಪೀಠ

ಕೇಳುಗರೆಲ್ಲರಿಗೂ ನಮಸ್ಕಾರ.

1967ರ ಚುನಾವಣೆಯಲ್ಲಿ ಶಿವಮೊಗ್ಗದ ಜನ ಜೆ.ಎಚ್. ಪಟೇಲರನ್ನು ಲೋಕಸಭೆಗೆ ಕಳುಹಿಸಿದರು. ಊರು ಚನ್ನಗಿರಿ ತಾಲ್ಲೂಕಿನ ಕಾರಿಗನೂರು. ಚನ್ನಗಿರಿ ಆಗ ನಮ್ಮ ಜಿಲ್ಲೆಗೇ ಸೇರಿತ್ತು. ಮೂವತ್ತಾರರ ಪ್ರಾಯದ ಸಮಾಜವಾದಿ, ಕಾನೂನು ಓದಿದವರು, ಇಂಗ್ಲಿಷ್ ಬಾರದವರೇನಲ್ಲ. ಆದರೂ ದೆಹಲಿಯ ಆ ದುಂಡು ಕಟ್ಟಡದಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಲೋಕಸಭೆಯಲ್ಲಿ ಮೊದಲು ಕನ್ನಡ ನುಡಿದವರು ಎಂದು ನಾಡು ಇಂದಿಗೂ ಅವರನ್ನು ನೆನೆಯುತ್ತದೆ.

ನೆನೆಯಲೇಬೇಕು. ಆದರೆ ಅವರ ಜೊತೆಗೆ ಇನ್ನೊಬ್ಬರನ್ನೂ ನೆನೆಯಬೇಕು ಎಂಬುದು ನನ್ನ ಆಸೆ. ಅಂದು ಪೀಠದಲ್ಲಿ ಕುಳಿತು ಕನ್ನಡಕ್ಕೆ ಅವಕಾಶ ಕೊಟ್ಟ ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರನ್ನು. ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು ಎನ್ನುವ ಸಂವಿಧಾನದ 120ನೆಯ ವಿಧಿಯೇ, ಆ ಎರಡರಲ್ಲೂ ಮನಸ್ಸಿನ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯರಿಗೆ ತಾಯಿನುಡಿಯಲ್ಲಿ ಮಾತನಾಡಲು ಅನುಮತಿ ಕೊಡುವ ಅಧಿಕಾರವನ್ನು ಪೀಠಕ್ಕೆ ಒಪ್ಪಿಸಿದೆ. ಪೀಠ ಮನಸ್ಸು ಮಾಡಿದರೆ ಬಾಗಿಲು ತೆರೆಯುತ್ತದೆ. ಅಂದು ತೆರೆಯಿತು.

ಆ ಪೀಠದ ಬಗ್ಗೆಯೇ ಇಂದು ಮಾತನಾಡಬೇಕೆಂದಿದ್ದೇನೆ.

ಸಾಗರದ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಬಹಳ ವರ್ಷ ಪೌರನೀತಿ ಪಾಠ ಮಾಡಿದ್ದೇನೆ. ಪ್ರತಿ ವರ್ಷವೂ ಯಾವುದೋ ಮಗು ಕೇಳುತ್ತಿತ್ತು: ಸ್ಪೀಕರ್ ಎಂದರೆ ಮಾತನಾಡುವವರು ಎಂದಲ್ಲವೇ, ಮತ್ತೆ ಅವರು ಉಳಿದವರಿಗೆ ಮಾತನಾಡಿ ಎನ್ನುತ್ತಾ ಸುಮ್ಮನೆ ಕೂರುವುದೇಕೆ? ಪ್ರಶ್ನೆ ಸರಿಯಾಗಿಯೇ ಇತ್ತು. ಇಂಗ್ಲೆಂಡಿನಲ್ಲಿ ಸದನದ ಪರವಾಗಿ ಅರಸನೆದುರು ನಿಂತು ಮಾತನಾಡಬೇಕಾದವರಿಗೆ ಆ ಹೆಸರು ಬಂತು. ಸದನದೊಳಗೆ ಅವರ ಕೆಲಸ ಉಳಿದವರ ಮಾತನ್ನು ಕಾಯುವುದು. ಸಾಮಾನ್ಯವಾಗಿ ಅವರು ಮತ ಹಾಕುವುದಿಲ್ಲ. ಎರಡೂ ಕಡೆ ಮತಗಳು ಸಮನಾದರೆ ಮಾತ್ರ ಅವರ ಒಂದು ಮತ.

ಸಂಜೀವ ರೆಡ್ಡಿಯವರು ನಮ್ಮ ಗಡಿಗೆ ಅಂಟಿಕೊಂಡಿರುವ ಹಿಂದೂಪುರದಿಂದ ಗೆದ್ದು ಬಂದವರು. ಸಭಾಧ್ಯಕ್ಷರಾದೊಡನೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಪಕ್ಷದ ಸದಸ್ಯತ್ವವನ್ನೇ ಬಿಟ್ಟರು. ಪೀಠದಲ್ಲಿರುವವನು ಇಡೀ ಸದನಕ್ಕೆ ಸೇರಿದವನು ಎಂಬುದು ಅವರ ನಿಲುವು. ಹಾಗೆ ಬಿಡಲೇಬೇಕೆಂಬ ಕಾನೂನು ಅಂದೂ ಇರಲಿಲ್ಲ, ಇಂದೂ ಇಲ್ಲ. 1977ರಿಂದ 1980ರವರೆಗೆ ಅದೇ ಪೀಠದಲ್ಲಿ ಕುಳಿತ ನಮ್ಮ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆಯವರೂ ಹಿಂದೊಮ್ಮೆ ದೊಡ್ಡ ಪದವಿಯನ್ನು ಬಿಟ್ಟುಬಂದವರೇ. ಸುಪ್ರೀಂ ಕೋರ್ಟಿನಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿದಾಗ, 1973ರಲ್ಲಿ, ನ್ಯಾಯಮೂರ್ತಿಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು.

ಸಂವಿಧಾನದ 94ನೆಯ ವಿಧಿಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಮಾತಿದೆ. ಲೋಕಸಭೆಯ ಸಭಾಧ್ಯಕ್ಷರು ರಾಜೀನಾಮೆ ಕೊಡುವುದಾದರೆ ಪತ್ರವನ್ನು ರಾಷ್ಟ್ರಪತಿಗಳಿಗೆ ಬರೆಯುವುದಿಲ್ಲ, ಪ್ರಧಾನಿಗೂ ಬರೆಯುವುದಿಲ್ಲ. ಉಪಸಭಾಧ್ಯಕ್ಷರಿಗೆ ಬರೆಯುತ್ತಾರೆ. ಉಪಸಭಾಧ್ಯಕ್ಷರು ಸಭಾಧ್ಯಕ್ಷರಿಗೆ ಬರೆಯುತ್ತಾರೆ. ಸದನದ ಬೀಗದ ಕೈ ಸದನದ ಮನೆಯೊಳಗೇ ಇರಬೇಕು ಎಂಬ ಎಚ್ಚರ ಅದು.

ಹೀಗಿರುವಾಗ 2019ರಲ್ಲಿ ಕೂಡಿದ ಹದಿನೇಳನೆಯ ಲೋಕಸಭೆ ಉಪಸಭಾಧ್ಯಕ್ಷರೇ ಇಲ್ಲದೆ ಐದು ವರ್ಷವನ್ನು ಮುಗಿಸಿತು. ಅವಧಿಯುದ್ದಕ್ಕೂ ಆ ಕುರ್ಚಿ ಖಾಲಿ ಉಳಿದದ್ದು ಅದೇ ಮೊದಲು. ಆದಷ್ಟು ಬೇಗ ಇಬ್ಬರನ್ನೂ ಆರಿಸಿಕೊಳ್ಳಬೇಕು ಎಂದು 93ನೆಯ ವಿಧಿ ಹೇಳುತ್ತದೆ. ದಿನಾಂಕ ಕೊಟ್ಟಿಲ್ಲ ಎಂಬುದು ನಿಜ. ಮರ್ಯಾದೆಗೆ ಬಿಟ್ಟದ್ದನ್ನು ದಿನಾಂಕವಿಲ್ಲ ಎಂದು ಮುಂದೂಡುವುದು ನನಗೆ ಸರಿಕಾಣುವುದಿಲ್ಲ. ಅಧ್ಯಕ್ಷರ ಗೈರಿನಲ್ಲಿ ಕಲಾಪ ನಡೆಸಲು ಸದಸ್ಯರ ಒಂದು ತಂಡವಿದೆ, ಕೆಲಸ ನಿಲ್ಲುವುದಿಲ್ಲ. ಆದರೆ ಉಪಸಭಾಧ್ಯಕ್ಷರ ಸ್ಥಾನ ಬಹಳ ಸಲ ವಿರೋಧ ಪಕ್ಷದವರಿಗೆ ಸಲ್ಲುತ್ತಿತ್ತು. ತುಮಕೂರಿನ ಎಸ್. ಮಲ್ಲಿಕಾರ್ಜುನಯ್ಯನವರು ವಿರೋಧ ಪಕ್ಷದಲ್ಲಿದ್ದುಕೊಂಡೇ 1991ರಿಂದ 1996ರವರೆಗೆ ಆ ಸ್ಥಾನದಲ್ಲಿದ್ದರು. ಸೋತವರಿಗೂ ಪೀಠದಲ್ಲಿ ಒಂದು ಪಾಲು ಎಂಬ ಆ ಪದ್ಧತಿ ಕೈತಪ್ಪಿದ್ದು ನನ್ನನ್ನು ನೋಯಿಸುತ್ತದೆ.

ರಾಜ್ಯಸಭೆಯ ವ್ಯವಸ್ಥೆ ಬೇರೆ. ಉಪರಾಷ್ಟ್ರಪತಿಯೇ ಅಲ್ಲಿ ಸಭಾಪತಿ. ಆ ಸದನ ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತರಾಗುತ್ತಾರೆ. ಕರ್ನಾಟಕಕ್ಕೆ ಅಲ್ಲಿ ಹನ್ನೆರಡು ಸ್ಥಾನ, ಲೋಕಸಭೆಯಲ್ಲಿ ಇಪ್ಪತ್ತೆಂಟು.

ಇಷ್ಟೆಲ್ಲ ದೆಹಲಿಯ ಮಾತು ನಮಗೇಕೆ ಎಂದು ಅಡಿಕೆ ಸುಲಿಯುತ್ತಾ ಕೇಳುತ್ತಿರುವವರಿಗೆ ಅನಿಸಬಹುದು. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು, ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಅಲ್ಲಿಂದ ಎದ್ದು ಬಂದು ಕಾಡಂಚಿನಲ್ಲಿ ನೆಲೆ ನಿಂತ ಮನೆಗಳ ಮೊಮ್ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಅರಣ್ಯದ ಭೂಮಿಯನ್ನು ಬೇರೆ ಬಳಕೆಗೆ ಬಿಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕೆಂದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಹೇಳಿದ ದಿನದಿಂದ ಆ ಮನೆಗಳ ಹಕ್ಕುಪತ್ರದ ದಾರಿ ದೆಹಲಿಯನ್ನು ಹಾದು ಬರಬೇಕಾಯಿತು.

ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು. ಮಸೂದೆಯನ್ನು ಪರಿಸರ ಮತ್ತು ಅರಣ್ಯದ ವಿಷಯ ನೋಡುವ ಸ್ಥಾಯಿ ಸಮಿತಿಗೆ ಕಳುಹಿಸಲಿಲ್ಲ. ಎರಡೂ ಸದನಗಳ ಬೇರೊಂದು ಜಂಟಿ ಸಮಿತಿಗೆ ಒಪ್ಪಿಸಿದರು. ಕೆಲವು ಸದಸ್ಯರು ಭಿನ್ನಮತ ಬರೆದರೂ ಸಮಿತಿ ಒಂದು ಬದಲಾವಣೆಯನ್ನೂ ಸೂಚಿಸದೆ ವರದಿ ಕೊಟ್ಟಿತು. ಮಸೂದೆ ಕಾಯ್ದೆಯಾಯಿತು. ಟಿವಿಯಲ್ಲಿ ಕಾಣುವ ಗದ್ದಲವನ್ನಷ್ಟೇ ಸಂಸತ್ತು ಎಂದುಕೊಂಡರೆ ಇಂಥದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇಲಾಖೆಗಳನ್ನು ಹಂಚಿಕೊಂಡ ಇಪ್ಪತ್ತನಾಲ್ಕು ಸ್ಥಾಯಿ ಸಮಿತಿಗಳಿವೆ. ಒಂದೊಂದರಲ್ಲೂ ಲೋಕಸಭೆಯಿಂದ 21, ರಾಜ್ಯಸಭೆಯಿಂದ 10 ಸದಸ್ಯರು. ಮಂತ್ರಿಗಳು ಸದಸ್ಯರಾಗುವಂತಿಲ್ಲ, ಕ್ಯಾಮೆರಾಗಳಿಗೆ ಪ್ರವೇಶವಿಲ್ಲ. ಅಲ್ಲಿ ಎಲ್ಲ ಪಕ್ಷಗಳವರೂ ಒಂದೇ ಮೇಜಿನ ಸುತ್ತ ಕುಳಿತು ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ. ಅಡಿಕೆಯಾಗಲಿ ಅರಣ್ಯವಾಗಲಿ, ವಿಷಯದ ಆಳಕ್ಕೆ ಇಳಿಯಲು ಪುರುಸೊತ್ತಿರುವುದು ಅಂಥ ಕೋಣೆಗಳಲ್ಲಿಯೇ.

ಇನ್ನೊಂದು ಕೋಣೆಯ ವಿಷಯ ಹೇಳಲೇಬೇಕು. ನಮ್ಮಲ್ಲಿ ಅದನ್ನು ಬಲ್ಲವರು ಕಡಿಮೆ. ಲೋಕಸಭೆಯಲ್ಲಿ ಹದಿನೈದು ಸದಸ್ಯರ ಅರ್ಜಿಗಳ ಸಮಿತಿ ಇದೆ. ಸದಸ್ಯರನ್ನು ನೇಮಿಸುವವರು ಸಭಾಧ್ಯಕ್ಷರು. ಕೇಂದ್ರ ಸರ್ಕಾರದ ವ್ಯಾಪ್ತಿಯ ವಿಷಯವಾಗಿ, ನ್ಯಾಯಾಲಯದಲ್ಲಿಲ್ಲದ ವಿಷಯವಾಗಿ ಯಾವ ನಾಗರಿಕರಾದರೂ ಸದನಕ್ಕೆ ಅರ್ಜಿ ಸಲ್ಲಿಸಬಹುದು. ಸಂಸದರೊಬ್ಬರ ಮೂಲಕ ಮಂಡಿಸುವುದಾದರೆ ಅವರ ಮೇಲುಸಹಿ ಬೇಕು. ಶಿವಮೊಗ್ಗ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಿಗೂ ಘಟ್ಟದ ಕೆಳಗಿನ ಬೈಂದೂರಿಗೂ ಸೇರಿ ನಮಗೆ ಇರುವವರು ಒಬ್ಬರೇ ಸಂಸದರು. ಅವರ ಬಳಿ ಹೋಗುವಾಗ ರಸ್ತೆ, ವರ್ಗಾವಣೆಗಳ ಜೊತೆಗೆ ಇಂಥದ್ದೊಂದು ಅರ್ಜಿಯನ್ನೂ ಕೈಯಲ್ಲಿ ಹಿಡಿದು ಹೋಗಿ. ಅದನ್ನು ಕನ್ನಡದಲ್ಲಿಯೇ ಬರೆಯಬಹುದು. ಹಿಂದಿಯ ಅಥವಾ ಇಂಗ್ಲಿಷಿನ ಒಂದು ಅನುವಾದವನ್ನು ಜೊತೆಗಿಟ್ಟು, ಅದಕ್ಕೂ ನಿಮ್ಮ ಸಹಿ ಹಾಕಿ.

ನಮಸ್ಕಾರ.