ಬಯಾಪ್ಸಿ ಓದಿದವರ ಹೆಸರು ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ.

ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಅದನ್ನು ಮಾನ-ಮರ್ಯಾದೆಯ ವಿಷಯ ಅಂತ ನೋಡುತ್ತೇವೆ. ನನಗೆ ಅದು ದತ್ತಾಂಶದ ತಪ್ಪಿನಷ್ಟೇ ದೊಡ್ಡದು. ಯಾಕೆ ಅಂತ ಹೇಳುತ್ತೇನೆ.

ಐಜಿಎ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ ಒಂದು ಅಧ್ಯಯನ ಅಂದುಕೊಳ್ಳಿ. ಮುನ್ನೂರು ರೋಗಿಗಳು, ಮುನ್ನೂರು ಬಯಾಪ್ಸಿ, ಅಂದರೆ ಮೂತ್ರಪಿಂಡದಿಂದ ಪರೀಕ್ಷೆಗೆ ತೆಗೆದ ಚೂರುಗಳು. ಪ್ರತಿಯೊಂದರಲ್ಲೂ ರಕ್ತ ಸೋಸುವ ಗ್ಲೋಮೆರುಲಸ್‌ಗಳು ಕಡೇಪಕ್ಷ 8 ಇವೆಯೇ ಅಂತ ಮೊದಲು ಎಣಿಸಬೇಕು. ಆಮೇಲೆ ಈ ಕಾಯಿಲೆಯ ಹಾನಿಯನ್ನು ಅಳೆಯುವ ಆಕ್ಸ್‌ಫರ್ಡ್ ವರ್ಗೀಕರಣದಲ್ಲಿ ಎಂ, ಇ, ಎಸ್, ಟಿ, ಸಿ ಎಂಬ ಐದು ಬಗೆಯ ಹಾನಿಗೆ ಅಂಕಗಳು. ಟಿ ಒಂದನ್ನೇ ತೆಗೆದುಕೊಳ್ಳಿ: ಮೂತ್ರಪಿಂಡದ ಸಣ್ಣ ಕೊಳವೆಗಳು ಸೊರಗಿ ನಾರುಗಟ್ಟಿದ ಭಾಗ ಅದರ ಹೊರಪದರವಾದ ಕಾರ್ಟೆಕ್ಸಿನ ಶೇ 25ರವರೆಗೆ ಇದ್ದರೆ ಟಿ0, 26ರಿಂದ 50 ಆದರೆ ಟಿ1, ಅದಕ್ಕೂ ಮೇಲೆ ಟಿ2. ಶೇ 25 ಎನ್ನುವುದು ಸ್ಲೈಡಿನ ಮೇಲೆ ಬರೆದಿರುವುದಿಲ್ಲ. ಕಣ್ಣಿನಿಂದ ಅಂದಾಜು ಮಾಡಬೇಕು. ಒಬ್ಬರು ಟಿ0 ಅಂದದ್ದನ್ನು ಇನ್ನೊಬ್ಬರು ಟಿ1 ಅನ್ನಬಹುದು. ಇಡೀ ಪ್ರಬಂಧದ ತೀರ್ಮಾನ ಆ ಅಂದಾಜಿನ ಮೇಲೆ ನಿಂತಿದೆ. ಸ್ಲೈಡ್ ಓದಿ ಅಂದಾಜು ಮಾಡಿದ ಆ ಪೆಥಾಲಜಿಸ್ಟ್ ಹೆಸರು ಎಲ್ಲಿದೆ? ಕೊನೆಯ ಪುಟದ ಕೃತಜ್ಞತೆಯಲ್ಲಿ. ನಾಳೆ ಯಾರಾದರೂ ಆ ಅಂಕಗಳನ್ನು ಪ್ರಶ್ನಿಸಿದರೆ ಉತ್ತರ ಕೊಡುವವರು ಯಾರು?

ಲೇಖಕರು ಯಾರು ಅನ್ನುವುದಕ್ಕೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ ಮಾಡಿದ ನಿಯಮ ನಿಮಗೆ ಗೊತ್ತೇ ಇದೆ. ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ವಿಮರ್ಶಾತ್ಮಕ ತಿದ್ದುಪಡಿ, ಅಂತಿಮ ಒಪ್ಪಿಗೆ, ಹೊಣೆಗಾರಿಕೆ, ಈ ನಾಲ್ಕೂ ಬೇಕು. ಆದರೆ ಕರಡನ್ನೇ ತೋರಿಸದೆ, "ಅವರು ಕರಡು ತಿದ್ದಲಿಲ್ಲ, ಹಾಗಾಗಿ ಲೇಖಕರಲ್ಲ" ಅನ್ನುವುದು ಎಷ್ಟರಮಟ್ಟಿಗೆ ಸರಿ? ಎರಡನೆಯ, ಮೂರನೆಯ ಷರತ್ತು ಪೂರೈಸುವ ಅವಕಾಶವನ್ನೇ ಕಿತ್ತುಕೊಂಡು ಹೊರಗಿಡಬಾರದು ಅಂತ ಆ ನಿಯಮಾವಳಿಯಲ್ಲೇ ಇದೆ. ಈ ಸಾಲನ್ನು ಓದುವವರು ಕಡಿಮೆ.

ಪ್ರಕಟವಾದ ಪ್ರಬಂಧದಲ್ಲಿ ಬಿಟ್ಟುಹೋದ ಹೆಸರನ್ನು ಸೇರಿಸುವುದು ಹೇಗೆ? ಪತ್ರಿಕೆಯೊಡನೆ ಪತ್ರವ್ಯವಹಾರ ನಡೆಸುವ ಲೇಖಕರು ಸಂಪಾದಕರಿಗೆ ಬರೆಯಬೇಕು: ಯಾರ ಹೆಸರು, ಪಟ್ಟಿಯಲ್ಲಿ ಎಷ್ಟನೆಯದು, ಮಾಡಿದ ಕೆಲಸ ಏನು, ಮೊದಲೇ ಯಾಕೆ ಬಿಟ್ಟುಹೋಯಿತು. ಸೇರಬೇಕಾದವರೂ ಸೇರಿ ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಜೊತೆಗಿರಬೇಕು. ಕೆಲಸ ನಿಲ್ಲುವುದು ಇಲ್ಲೇ. ಒಬ್ಬರು ಊರು ಬಿಟ್ಟಿರುತ್ತಾರೆ, ಒಬ್ಬರ ಇಮೇಲ್ ಸತ್ತಿರುತ್ತದೆ, ಒಬ್ಬರಿಗೆ ಮನಸ್ಸೇ ಇರುವುದಿಲ್ಲ. ಒಪ್ಪದವರಿದ್ದರೆ ಪತ್ರಿಕೆ ನ್ಯಾಯ ಹೇಳುವುದಿಲ್ಲ, ವಿವಾದವನ್ನು ಲೇಖಕರು ಕೆಲಸ ಮಾಡುವ ಸಂಸ್ಥೆಗೆ ಕಳಿಸುತ್ತದೆ. ಹಾಗಾಗಿ ಸ್ಲೈಡ್ ಓದಿದ ತಾರೀಖು, ಅಂಕಗಳ ಹಾಳೆ, ಆಗಿನ ಇಮೇಲ್‌ಗಳನ್ನು ದಯವಿಟ್ಟು ಎತ್ತಿಡಿ. ಸಂಸ್ಥೆ ಕೇಳುವುದು ಅವನ್ನೇ.

ಒಪ್ಪಿಗೆಯಾದ ಮೇಲೆ ತಿದ್ದುಪಡಿ ಪ್ರಕಟಣೆ ಪ್ರತ್ಯೇಕವಾಗಿ ಬರಬೇಕು. ಅದಕ್ಕೆ ತನ್ನದೇ ಡಿಒಐ, ಅಂದರೆ ಶಾಶ್ವತ ಗುರುತು ಸಂಖ್ಯೆ, ಇರಬೇಕು; ಮೂಲ ಲೇಖನದಿಂದ ಅದಕ್ಕೂ ಅದರಿಂದ ಮೂಲಕ್ಕೂ ಕೊಂಡಿ ಇರಬೇಕು. ಸದ್ದಿಲ್ಲದೆ ಜಾಲತಾಣದ ಪಿಡಿಎಫ್ ಬದಲಿಸಿದರೆ ಹಳೆಯ ಪ್ರತಿ ಇಳಿಸಿಕೊಂಡವರಿಗೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಹೊಸ ಲೇಖಕರ ಹಿತಾಸಕ್ತಿ ಘೋಷಣೆಯನ್ನೂ ಮರೆಯಬೇಡಿ. ಔಷಧ ಕಂಪನಿಯಿಂದ ಸಂಭಾವನೆ ಪಡೆದಿದ್ದರೆ ಓದುಗರಿಗೆ ಅದು ತಿಳಿಯಬೇಕು. ಯಾರು ಯಾವ ಕೆಲಸ ಮಾಡಿದರು ಅಂತ ಹೇಳುವ ಕ್ರೆಡಿಟ್ ಪಟ್ಟಿಯ 14 ಪಾತ್ರಗಳಲ್ಲಿ ಅವರದು ಯಾವುದು ಅನ್ನುವುದೂ ಬದಲಾಗಬೇಕು.

ಸಮಯ ಆಗುತ್ತಿದೆ. ಹಲವರು ಒಂದು ಗುಂಪಿನ ಹೆಸರಲ್ಲಿ ಬರೆಯುವ ಸಮೂಹ ಲೇಖಕತ್ವದ ಬಗ್ಗೆ ಇಷ್ಟೇ ಹೇಳುತ್ತೇನೆ: ಹತ್ತಾರು ಕೇಂದ್ರಗಳ ಸಂಶೋಧಕರ ಹೆಸರುಗಳು ಪೂರಕ ಪಿಡಿಎಫ್‌ನಲ್ಲಿ ಇದ್ದರೆ ಸಾಲದು, ಪ್ರಕಾಶಕರು ಕಳಿಸುವ, ಕಂಪ್ಯೂಟರ್ ಓದಬಲ್ಲ ಎಕ್ಸ್‌ಎಂಎಲ್ ಕಡತದಲ್ಲೂ ಇರಬೇಕು. ಹುಡುಕಾಟದ ಯಂತ್ರ ಓದುವುದು ಆ ಕಡತವನ್ನು. ತಿದ್ದುಪಡಿ ಬಂದ ಕೆಲವು ವಾರಗಳ ನಂತರ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲೂ ಸಂಶೋಧಕರ ಗುರುತಿನ ಆರ್ಕಿಡ್ ಖಾತೆಯಲ್ಲೂ ಆ ಹೆಸರು ಹಾಕಿ ನೋಡಿ. ಸಿಗದಿದ್ದರೆ ಪ್ರಕಾಶಕರಿಗೆ ಮತ್ತೆ ಬರೆಯಿರಿ.