ಸೊರಗಿದ ಗಿಡ ಕಿತ್ತ ಮೇಲೆ

ಕೇಳುಗರೇ, ನಮಸ್ಕಾರ.

ಟೊಮೆಟೊ ಬೆಳೆದವರಿಗೆ ಈ ಸಂಕಟ ಗೊತ್ತು. ಬೆಳಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಜೋತು ಬಿದ್ದಿರುತ್ತದೆ. ನೀರು ಸಾಲದೇನೋ ಎಂದು ಇನ್ನೊಂದು ಕೊಡ ಸುರಿಯುತ್ತೇವೆ. ಕೆಲವೇ ದಿನದಲ್ಲಿ, ಎಲೆ ಇನ್ನೂ ಹಸಿರಾಗಿರುವಾಗಲೇ, ಗಿಡ ಸತ್ತು ಹೋಗುತ್ತದೆ. ಕಾಯಿ ಕಟ್ಟಿದ ಗಿಡ ಹಾಗೆ ಹೋದರೆ ಕರುಳು ಚುರ್ ಅನ್ನುತ್ತದೆ, ಅಲ್ವಾ? ‘ಈ ಮಣ್ಣಿಗೆ ಟೊಮೆಟೊ ಆಗಿಬರಲ್ಲ’ ಎಂದು ಅಲ್ಲಿಗೇ ಕೈಬಿಡುವವರು ಬಹಳ.

ಕೈಬಿಡುವ ಮುಂಚೆ ಒಂದು ಕೆಲಸ ಮಾಡಿ. ಸತ್ತ ಗಿಡವನ್ನು ಸುಮ್ನೆ ಎಸೆಯಬೇಡಿ. ಬುಡದ ಹತ್ತಿರ ಕಾಂಡ ಕತ್ತರಿಸಿ, ಆ ತುಂಡಿನ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿದರೆ, ಅದು ದುಂಡಾಣು ಸೊರಗು ರೋಗ. ಈ ರೋಗಾಣು ಇರುವುದು ಮಣ್ಣಿನಲ್ಲಿ. ನೀರು ಹರಿದ ಕಡೆಗೆಲ್ಲ ಅದೂ ಹೋಗುತ್ತದೆ. ಅಂದರೆ, ನಾವು ಅಕ್ಕರೆಯಿಂದ ಸುರಿದ ನೀರೇ ಪಕ್ಕದ ಗಿಡಕ್ಕೂ ಕುತ್ತು ತಂದಿರಬಹುದು.

ಕಾರಣ ತಿಳಿದ ಮೇಲೆ ದಾರಿಯೂ ಕಾಣುತ್ತದೆ. ಆ ಜಾಗದಲ್ಲಿ ಮತ್ತೆ ಟೊಮೆಟೊ ಬೇಡ. ಬದನೆ, ಮೆಣಸಿನಕಾಯಿ, ಆಲೂಗಡ್ಡೆಯೂ ಬೇಡ. ಅವೆಲ್ಲ ಒಂದೇ ಕುಟುಂಬ. ರಾಗಿಯನ್ನೋ ಮೆಕ್ಕೆಜೋಳವನ್ನೋ ಹಾಕಿ. ರೋಗ ಪೂರ್ತಿ ಹೋಗದಿದ್ದರೂ ಅದರ ಬಲ ಕುಗ್ಗುತ್ತದೆ.

ಟೊಮೆಟೊ ಬೇಕೇ ಬೇಕು ಅನ್ನುವವರಿಗೆ ಅರ್ಕಾ ರಕ್ಷಕ್ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ತಳಿ. ಸೊರಗು ರೋಗ, ಎಲೆ ಮುದುರು ರೋಗ, ಎಲೆಗೆ ಕಂದು ಚುಕ್ಕೆ ತರುವ ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಸೊರಗು ರೋಗಕ್ಕೆ ಬಗ್ಗದ ತಳಿ ಹುಡುಕುವವರು ಏನು ಮಾಡುತ್ತಾರೆ ಗೊತ್ತೇ? ಬೇಕೆಂದೇ ರೋಗ ಹಿಡಿದ ಮಣ್ಣಿನಲ್ಲಿ ಸಸಿ ನೆಡುತ್ತಾರೆ. ಸಾಲು ಸಾಲೇ ಸಾಯುತ್ತವೆ. ಎಲ್ಲೋ ಉಳಿದ ಒಂದೆರಡು ಗಿಡದಿಂದ ಬೀಜ ಹಿಡಿದು, ಅದನ್ನು ಮತ್ತೆ ಅದೇ ಮಣ್ಣಿಗೆ ಹಾಕುತ್ತಾರೆ. ಸತ್ತ ಗಿಡಗಳ ಸಾಲಿನಲ್ಲಿ ನಿಂತು ಬದುಕಿದ್ದನ್ನು ಹುಡುಕುವ ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ. ನಮಗೆ ಅಷ್ಟು ಕಷ್ಟವಿಲ್ಲ. ಅವರು ಹುಡುಕಿ ಕೊಟ್ಟದ್ದನ್ನು ತಂದು ನೆಟ್ಟರೆ ಆಯಿತು.

ಇನ್ನೊಂದು ಮಾತು. ಸಸಿಗಳನ್ನು ನಾಟಿಯವರೆಗೂ ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸಿ. ಎಲೆ ಮುದುರು ರೋಗ ತರುವ ಬಿಳಿ ನೊಣ ಆಗ ಒಳಗೆ ನುಸುಳುವುದಿಲ್ಲ. ಎಳೆಯದರಲ್ಲಿ ತಗುಲಿದರೆ ಹಾನಿ ಜಾಸ್ತಿ. ಕುಂಡದಲ್ಲಿ ಬೆಳೆಯುವವರು ಹೊಸ ಮಣ್ಣು ತುಂಬಿಸಿ. ಹಳೆಯ ಮಣ್ಣಿನಲ್ಲಿ ಮೆಂತ್ಯದ ಸೊಪ್ಪು ಬೆಳೆದುಕೊಳ್ಳಬಹುದು.

ನಮಸ್ಕಾರ.