ಒಂದೇ ವಾರಕ್ಕೆ ಎತ್ತಂಗಡಿಯಾದ ಸಿನಿಮಾ

ನನ್ನ ಮುಂದೆ ನನ್ನ ನೋಟ್‌ಬುಕ್ ಇದೆ. ಪುಟದ ಮಧ್ಯೆ ಗೆರೆ ಎಳೆದಿದೀನಿ. ಎಡಗಡೆ 1938ರ ವಿಮರ್ಶೆಗಳು, ಬಲಗಡೆ ಆಮೇಲೆ ಬಂದ ಮಾತುಗಳು. ಎರಡೂ ಒಂದೇ ಸಿನಿಮಾ ಬಗ್ಗೆ. ‘ಬ್ರಿಂಗಿಂಗ್ ಅಪ್ ಬೇಬಿ’ ಅನ್ನೋ ಹಾಲಿವುಡ್ ಹಾಸ್ಯಚಿತ್ರ. ಒಂದು ವಾರದಿಂದ ಕೆಲಸ ಮುಗಿಸಿ ಬಂದು ದಿನಾ ರಾತ್ರಿ ಇದರ ಹಿಂದೆನೇ ಬಿದ್ದಿದೀನಿ. ಎಡಗಡೆ ಓದಿ ಬಲಗಡೆಗೆ ಬಂದ್ರೆ, ಇವರೆಲ್ಲ ನೋಡಿದ್ದು ಒಂದೇ ಚಿತ್ರಾನಾ ಅನ್ನಿಸುತ್ತೆ.

ನೋಡದೇ ಇರೋರಿಗೆ ಕಥೆ ಬೇಗ ಹೇಳಿಬಿಡ್ತೀನಿ. ಡೇವಿಡ್ ಅಂತ ಒಬ್ಬ ವಿಜ್ಞಾನಿ. ಡೈನೋಸಾರ್ ಅಸ್ಥಿಪಂಜರ ಜೋಡಿಸೋದ್ರಲ್ಲೇ ನಾಲ್ಕು ವರ್ಷ ಕಳೆದಿದಾನೆ. ಇನ್ನು ಒಂದೇ ಒಂದು ಮೂಳೆ ಬಾಕಿ. ಮಾರನೇ ದಿನ ಅವನ ಮದುವೆ. ಮ್ಯೂಸಿಯಂಗೆ ಹತ್ತು ಲಕ್ಷ ಡಾಲರ್ ದಾನ ಬರೋ ಮಾತುಕತೆ ಬೇರೆ ನಡೀತಾ ಇದೆ. ಅಷ್ಟರಲ್ಲಿ ಗಾಲ್ಫ್ ಮೈದಾನದಲ್ಲಿ ಸೂಸನ್ ಎದುರಾಗ್ತಾಳೆ. ಮೊದಲು ಅವನ ಚೆಂಡು ಹೊಡೀತಾಳೆ, ಆಮೇಲೆ ಅವನ ಕಾರನ್ನೇ ತನ್ನದು ಅಂತ ಓಡಿಸಿಕೊಂಡು ಹೋಗ್ತಾಳೆ. ಅವಳ ಹತ್ರ ಒಂದು ಸಾಕು ಚಿರತೆ ಇದೆ, ಅದರ ಹೆಸರೇ ಬೇಬಿ. ನಾಯಿಯೊಂದು ಆ ಮೂಳೆ ಕಚ್ಚಿಕೊಂಡು ಹೋಗಿ ಎಲ್ಲೋ ಹೂತುಬಿಡುತ್ತೆ. ಡೇವಿಡ್ ಆಗಿ ಕ್ಯಾರಿ ಗ್ರಾಂಟ್, ಸೂಸನ್ ಆಗಿ ಕ್ಯಾಥರೀನ್ ಹೆಪ್ಬರ್ನ್, ನಿರ್ದೇಶನ ಹೊವರ್ಡ್ ಹಾಕ್ಸ್. ಅಂದಹಾಗೆ, ಇಷ್ಟೆಲ್ಲ ಒದ್ದಾಡಿ ಹುಡುಕೋ ಆ ಮೂಳೆಗೆ ಚಿತ್ರದಲ್ಲಿ ‘ಇಂಟರ್‌ಕಾಸ್ಟಲ್ ಕ್ಲಾವಿಕಲ್’ ಅಂತ ಹೆಸರು, ಹಾಗಂತ ಒಂದು ಮೂಳೆ ಯಾವ ಪ್ರಾಣಿಯ ಮೈಯಲ್ಲೂ ಇಲ್ಲ. ಚಿತ್ರಕ್ಕಂತಲೇ ಹುಟ್ಟಿಸಿದ ಹೆಸರು.

ಈ ಚಿತ್ರದ ಬಗ್ಗೆ ಎಲ್ಲ ಕಡೆ ಕೇಳಿಬರೋ ಕಥೆ ಒಂದಿದೆ. ಬಂದಾಗ ವಿಮರ್ಶಕರೆಲ್ಲ ಸೇರಿ ಇದನ್ನ ಹೊಸಕಿಹಾಕಿದ್ರು, ಜನಾನೂ ಬರಲಿಲ್ಲ, ದಶಕಗಳು ಕಳೆದ ಮೇಲೆ ಜಗತ್ತು ಕಣ್ಣು ಬಿಟ್ಟಿತು ಅಂತ. ನಾನೂ ಅದನ್ನೇ ನಂಬಿದ್ದೆ. ಎಡಗಡೆ ಪುಟ ತುಂಬಿಸೋಕೆ ಕೂತಾಗಲೇ ಆ ನಂಬಿಕೆ ಅಲುಗಾಡಿದ್ದು.

‘ವೆರೈಟಿ’ ಪತ್ರಿಕೆ ಹೊಗಳಿತ್ತು. ಹಾಕ್ಸ್ ಚಿತ್ರ ಓಡಿಸಿದ ವೇಗ ಅವರಿಗೆ ಹಿಡಿಸಿತ್ತು, ಹೆಪ್ಬರ್ನ್ ನಟನೆ ಇನ್ನೂ ಹೆಚ್ಚು ಹಿಡಿಸಿತ್ತು. ಅವರ ತಕರಾರು ಇದ್ದಿದ್ದು ಕೆಲವು ದೃಶ್ಯ ಉದ್ದ ಆಯ್ತು ಅನ್ನೋದಕ್ಕೆ, ಅದರಲ್ಲೂ ಕೊನೆಗೆ ಎಲ್ಲರೂ ಜೈಲು ಸೇರೋ ದೃಶ್ಯ. ಇದನ್ನ ನಾನು ಪೂರ್ತಿ ಒಪ್ತೀನಿ, ಜೈಲಿಗೆ ಬರೋ ಹೊತ್ತಿಗೆ ಚಿತ್ರ ಸ್ವಲ್ಪ ಎಳೆಯುತ್ತೆ. ‘ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಬರೀತಿದ್ದ ಓಟಿಸ್ ಫರ್ಗ್ಯುಸನ್ ಅವರಿಗೂ ಚಿತ್ರ ನಗಿಸಿತ್ತು. ಹೀಗೆ ಮೆಚ್ಚಿದೋರು ಇನ್ನೂ ಇದ್ರು.

ಹಾಗಾದ್ರೆ ಆ ಕಥೆ ಹುಟ್ಟಿದ್ದು ಎಲ್ಲಿಂದ? ಬಹುಪಾಲು ಒಬ್ಬರೇ ಒಬ್ಬರಿಂದ. ಫ್ರ್ಯಾಂಕ್ ನ್ಯೂಜೆಂಟ್, ‘ನ್ಯೂಯಾರ್ಕ್ ಟೈಮ್ಸ್’ ವಿಮರ್ಶಕರು. 1938ರ ಮಾರ್ಚ್ 3ಕ್ಕೆ ಚಿತ್ರ ನ್ಯೂಯಾರ್ಕ್‌ನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಅನ್ನೋ ದೊಡ್ಡ ಚಿತ್ರಮಂದಿರಕ್ಕೆ ಬಂತು, ಮಾರನೇ ದಿನ ಅವರ ಬರಹ ಬಂತು. ಅದನ್ನ ನಾನು ನಾಲ್ಕೈದು ಸಲ ಓದಿದೀನಿ. ಅದರ ಸಾರ ಇಷ್ಟು. ಜೀವಮಾನದಲ್ಲಿ ಸಿನಿಮಾನೇ ನೋಡದವರಿಗೆ ಇದೆಲ್ಲ ಹೊಸದಾಗಿ ಕಾಣಬಹುದು, ಆದ್ರೆ ಸಿನಿಮಾ ನೋಡದವರು ಯಾರಿದಾರೆ? ಹೆಪ್ಬರ್ನ್ ಬಗ್ಗೆಯಂತೂ, ಉಸಿರು ಬಿಡದೆ ಮಾತಾಡ್ತಾರೆ, ನೋಡ್ತಾ ನೋಡ್ತಾ ನಮಗೇ ದಣಿವಾಗುತ್ತೆ ಅನ್ನೋ ಧಾಟಿ.

ದಣಿವು. ಈ ಪದದ ಹತ್ರ ನಾನು ನಿಂತುಬಿಟ್ಟೆ.

ಯಾಕಂದ್ರೆ ಈ ಚಿತ್ರವನ್ನ ಮೊದಲ ಸಲ ನೋಡಿದಾಗ ನನಗೂ ಆಗಿದ್ದು ಅದೇ. ರಾತ್ರಿ ಹನ್ನೊಂದು ಗಂಟೆ, ಕಿವಿಗೆ ಇಯರ್‌ಫೋನ್, ಇಡೀ ದಿನದ ಕೆಲಸದಿಂದ ತಲೆ ಭಾರ. ಇಬ್ಬರೂ ಒಟ್ಟೊಟ್ಟಿಗೆ ಮಾತಾಡ್ತಾರೆ, ಒಬ್ಬರ ಮಾತು ಮುಗಿಯೋ ಮುಂಚೆ ಇನ್ನೊಬ್ಬರು ಶುರು. ಸಬ್‌ಟೈಟಲ್ ಓದಿ ಮುಗಿಸಿ ಮುಖ ನೋಡೋಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತೆ. ಅರ್ಧ ಗಂಟೆಗೇ ನಿಲ್ಲಿಸಿ ಮಲಗಿದ್ದೆ.

ನ್ಯೂಜೆಂಟ್ ಅವರ ದಣಿವಿಗೆ ಅವರದೇ ಕಾರಣ ಇತ್ತು. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಐದು ದೊಡ್ಡ ಆಸ್ಕರ್ ಬಾಚಿಕೊಂಡ ಮೇಲೆ, ಹಾಲಿವುಡ್‌ನಲ್ಲಿ ಸಿರಿವಂತರ ಮನೆಯ ಹಟಮಾರಿ ಹುಡುಗಿ ಮತ್ತು ಪೇಚಿಗೆ ಸಿಕ್ಕೋ ಗಂಡಸಿನ ಕಥೆಗಳು ಸಾಲುಸಾಲಾಗಿ ಬಂದ್ವು. ‘ಸ್ಕ್ರೂಬಾಲ್ ಕಾಮಿಡಿ’ ಅಂತ ಅದಕ್ಕೊಂದು ಹೆಸರೂ ಬಿತ್ತು. ಐದು ತಿಂಗಳ ಹಿಂದೆ ತಾನೇ ‘ದಿ ಆಫುಲ್ ಟ್ರೂತ್’ ಬಂದಿತ್ತು. ಅದರಲ್ಲೂ ಕ್ಯಾರಿ ಗ್ರಾಂಟ್ ಹೀರೋ. ನಾಯಿ ಕೂಡ ಅದೇ, ಸ್ಕಿಪ್ಪಿ! ಅದೇ ಹೀರೋ, ಅದೇ ನಾಯಿ, ಮತ್ತೆ ಅದೇ ಓಡಾಟ, ಮತ್ತೆ ಅದೇ ಕೂಗಾಟ. ವಾರಕ್ಕೆ ಎಷ್ಟೋ ಸಿನಿಮಾ ನೋಡಲೇಬೇಕಾದ ಮನುಷ್ಯನಿಗೆ ಸಾಕಪ್ಪ ಅನ್ನಿಸಿದ್ರೆ ಅದರಲ್ಲಿ ಸುಳ್ಳೇನಿಲ್ಲ. ಅವರು ಬರೆದಿದ್ದು ಪ್ರಾಮಾಣಿಕವಾದ ವಿಮರ್ಶೆ ಅಂತಲೇ ನಾನು ನಂಬ್ತೀನಿ. ಆ ಸಾಲಿನಲ್ಲಿದ್ದ ಎಷ್ಟೋ ಚಿತ್ರಗಳು ಇವತ್ತು ಯಾರಿಗೂ ನೆನಪಿಲ್ಲ. ಹಾಗಾಗಿ ನಮಗೆ ಇದು ಜಾತ್ರೆಯಲ್ಲಿ ಕಳೆದುಹೋಗಲ್ಲ, ಒಂಟಿಯಾಗಿ ನಿಂತು ಕಾಣುತ್ತೆ.

ಮ್ಯೂಸಿಕ್ ಹಾಲ್‌ನಲ್ಲಿ ಚಿತ್ರ ನಿಂತಿದ್ದು ಒಂದೇ ವಾರ. ಆಮೇಲೆ ಎತ್ತಂಗಡಿ. ಆ ಜಾಗಕ್ಕೆ ಬೆಟ್ಟಿ ಡೇವಿಸ್ ಅವರ ‘ಜೆಝಬೆಲ್’ ಬಂತು. ಕೆಲವು ಊರುಗಳಲ್ಲಿ ಚೆನ್ನಾಗೇ ಓಡಿದ್ರೂ ಒಟ್ಟು ಲೆಕ್ಕ ಕೈ ಹತ್ತಲಿಲ್ಲ. ಚಿತ್ರೀಕರಣ ಹಾಕಿಕೊಂಡಿದ್ದ ದಿನಗಳಿಗಿಂತ 40 ದಿನ ಹೆಚ್ಚು ಹಿಡಿದಿತ್ತು, ಖರ್ಚು ಹತ್ತು ಲಕ್ಷ ಡಾಲರ್ ದಾಟಿತ್ತು. ಮೊದಲ ಸುತ್ತಿನಲ್ಲಿ ಚಿತ್ರ ತಯಾರಿಸಿದ ಆರ್‌ಕೆಓ ಸ್ಟುಡಿಯೋಗೆ ಆದ ನಷ್ಟ ಸುಮಾರು 3,65,000 ಡಾಲರ್. ಮೇ ತಿಂಗಳಲ್ಲಿ ಚಿತ್ರಮಂದಿರದ ಮಾಲೀಕರ ಒಂದು ಸಂಘ ಜಾಹೀರಾತು ಕೊಟ್ಟು, ಗಲ್ಲಾಪೆಟ್ಟಿಗೆಗೆ ವಿಷ ಆದ ತಾರೆಯರು ಇವರು ಅಂತ ಹೆಸರು ಹಾಕಿತು. ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಅವರ ಜೊತೆ ಕ್ಯಾಥರೀನ್ ಹೆಪ್ಬರ್ನ್. ಇದನ್ನ ಓದಿದಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು. ಯಾಕಂದ್ರೆ ಈ ಪಾತ್ರಕ್ಕೆ ಆಕೆ ಪಟ್ಟ ಪಾಡು ಸಣ್ಣದಲ್ಲ. ಶುರುವಿನಲ್ಲಿ ಆಕೆ ನಗಿಸಲೇಬೇಕು ಅಂತ ಹಟಕ್ಕೆ ಬಿದ್ದು ನಟಿಸ್ತಿದ್ರು, ಅದು ಕೂಡಿಬರ್ತಿರಲಿಲ್ಲ. ಆಗ ಹಾಕ್ಸ್, ವಾಲ್ಟರ್ ಕ್ಯಾಟ್ಲೆಟ್ ಅನ್ನೋ ಹಳೇ ಹಾಸ್ಯನಟರನ್ನ ಕರೆಸಿ ಪಾಠ ಹೇಳಿಸಿದ್ರು. ನಗಿಸೋಕೆ ಹೋಗಬೇಡ, ಮಾಡೋದನ್ನ ಗಂಭೀರವಾಗಿ ಮಾಡು ಅನ್ನೋದೇ ಆ ಪಾಠ. ಚಿತ್ರದಲ್ಲಿ ಪೊಲೀಸ್ ಅಧಿಕಾರಿಯಾಗಿ ಬರೋದು ಅದೇ ಕ್ಯಾಟ್ಲೆಟ್.

ಆ ಪಾಠ ಎಷ್ಟು ಹತ್ತಿದೆ ಅನ್ನೋದು ಎರಡನೇ ಸಲ ನೋಡುವಾಗ ಗೊತ್ತಾಯ್ತು. ಭಾನುವಾರ ಬೆಳಗ್ಗೆ, ಅಕ್ಕನ ಜೊತೆ, ಇಯರ್‌ಫೋನ್ ಇಲ್ಲದೆ. ರೆಸ್ಟೋರೆಂಟ್ ದೃಶ್ಯ ಬಂತು. ಸೂಸನ್ ಕೈಗೆ ಸಿಕ್ಕಿ ಡೇವಿಡ್‌ನ ಕೋಟು ಹರಿಯುತ್ತೆ. ಸಿಟ್ಟಲ್ಲಿ ಅವಳು ತಿರುಗಿ ಹೊರಡ್ತಾಳೆ, ಅವನ ಕಾಲು ಅವಳ ಗೌನಿನ ಮೇಲೆ. ಹಿಂಭಾಗದ ಬಟ್ಟೆ ಪೂರಾ ಕಿತ್ತು ಬರುತ್ತೆ. ಅವಳಿಗೆ ಗೊತ್ತೇ ಆಗಿಲ್ಲ, ಅವನಿಗೆ ಬೈತಾನೇ ನಡೀತಾಳೆ. ಇವನು ಹೇಳೋಕೂ ಆಗದೆ, ಬಿಡೋಕೂ ಆಗದೆ, ತನ್ನ ಹ್ಯಾಟನ್ನ ಅಲ್ಲಿಗೆ ಅಡ್ಡ ಹಿಡೀತಾನೆ. ಏನಾಗಿದೆ ಅಂತ ಅವಳ ಕೈಗೆ ತಾಗುತ್ತೆ. ಆ ಒಂದು ಕ್ಷಣ ಹೆಪ್ಬರ್ನ್ ಮುಖ ನೋಡಬೇಕು. ನಗಿಸೋ ಯಾವ ಪ್ರಯತ್ನಾನೂ ಇಲ್ಲ, ನಿಜವಾದ ಗಾಬರಿ. ಕೊನೆಗೆ ಅವನು ಅವಳ ಬೆನ್ನಿಗಂಟಿ ನಿಂತು, ಇಬ್ಬರೂ ಒಂದೇ ಹೆಜ್ಜೆ ಹಾಕ್ತಾ, ಕವಾಯತಿನ ಥರ ಹೊರಗೆ ಹೋಗ್ತಾರೆ. ಅಕ್ಕ ಹೊಟ್ಟೆ ಹಿಡ್ಕೊಂಡು ನಕ್ಕು, ಆಮೇಲೆ ಒಂದು ಮಾತು ಹೇಳಿದ್ಲು. “ನೋಡೋ, ಇಷ್ಟೊತ್ತು ಜಗಳ ಆಡ್ತಿದ್ದೋರು ಮೊದಲ ಸಲ ಜೊತೆಯಾಗಿ ನಡೀತಿದಾರೆ.”

ಬಲಗಡೆ ಪುಟದಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ. 1950ರ ದಶಕದಲ್ಲಿ ಫ್ರಾನ್ಸಿನ ‘ಕಾಯೆ ದು ಸಿನೆಮಾ’ ಪತ್ರಿಕೆಯಲ್ಲಿ ಬರೀತಿದ್ದ ಹುಡುಗರು ಹಾಕ್ಸ್ ಅವರನ್ನ ಮಹಾನ್ ನಿರ್ದೇಶಕ ಅಂತ ಎತ್ತಿ ಹಿಡಿದ್ರು. 1972ರಲ್ಲಿ ಪೀಟರ್ ಬೊಗ್ಡಾನೊವಿಚ್ ಇದೇ ಧಾಟಿಯಲ್ಲಿ ‘ವಾಟ್ಸ್ ಅಪ್, ಡಾಕ್?’ ಮಾಡಿದ್ರು, ಅದು ಭರ್ಜರಿಯಾಗಿ ಗೆದ್ದಿತು. ಹಾರ್ವರ್ಡ್‌ನ ತತ್ವಶಾಸ್ತ್ರದ ಪ್ರಾಧ್ಯಾಪಕ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ ‘ಬ್ರಿಂಗಿಂಗ್ ಅಪ್ ಬೇಬಿ’ ಮೇಲೆ ಒಂದು ಅಧ್ಯಾಯವನ್ನೇ ಬರೆದ್ರು. 1990ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದ್ರೆ ಕಾಪಾಡಿಡಬೇಕಾದ ಚಿತ್ರಗಳ ಪಟ್ಟಿಗೆ, ಇದು ಸೇರಿತು. ಇವರೆಲ್ಲರ ಮಾತಿನ ಜೊತೆ ಅಕ್ಕನ ಮಾತನ್ನೂ ಅದೇ ಪುಟದಲ್ಲಿ ಬರೆದಿದೀನಿ.

ಹಾಕ್ಸ್ ಅವರೇ ಮುಂದೆ ಸಂದರ್ಶನಗಳಲ್ಲಿ ಒಂದು ತಪ್ಪು ಒಪ್ಪಿಕೊಂಡ್ರು. ಚಿತ್ರದಲ್ಲಿ ಎಲ್ಲರೂ ತಲೆಕೆಟ್ಟವರೇ, ಸರಿ ಇರೋ ಒಬ್ಬ ಮನುಷ್ಯನೂ ಇಲ್ಲ, ಅದೇ ಎಡವಟ್ಟಾಯ್ತು ಅಂತ. ನಿರ್ದೇಶಕರೇ ಹೇಳಿದ್ರೂ ಇದನ್ನ ನಾನು ಒಪ್ಪಲ್ಲ. ಸರಿ ಇರೋ ಒಬ್ಬ ಬಂದು, ಇವರೆಲ್ಲ ಹೀಗೇ ಬಿಡಿ ಅಂತ ನಮಗೆ ಸಮಾಧಾನ ಹೇಳಿದ್ದಿದ್ರೆ, ಮೂಳೆ, ಚಿರತೆ ಹುಡುಕ್ತಾ ಹೋಗೋ ಡೇವಿಡ್ ಜೊತೆ ನಾವೂ ಕಾಡಿನಲ್ಲಿ ರಾತ್ರಿಯೆಲ್ಲ ಅಲೀತಿರಲಿಲ್ಲ. ದಡದಲ್ಲೇ ಉಳೀತಿದ್ವಿ.

ಎಡಗಡೆ ಪುಟದ ಕೊನೆಗೆ, ನ್ಯೂಜೆಂಟ್ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದೀನಿ. ಅವರು ಪತ್ರಿಕೆ ಬಿಟ್ಟು ಹಾಲಿವುಡ್‌ಗೆ ಹೋದ್ರು, ಚಿತ್ರಕಥೆ ಬರೆದ್ರು. 1952ರ ‘ದಿ ಕ್ವೈಟ್ ಮ್ಯಾನ್’ ಅವರದ್ದು, ಆಸ್ಕರ್‌ಗೆ ನಾಮನಿರ್ದೇಶನವೂ ಆಯ್ತು. ಹಟಮಾರಿ ಹೆಣ್ಣು, ಪೇಚಿಗೆ ಸಿಕ್ಕ ಗಂಡು, ಜಗಳ ಆಡ್ತಾ ಆಡ್ತಾ ಹತ್ತಿರ ಬರೋ ಕಥೆ. ಮುಂದಿನ ಭಾನುವಾರ ಅಕ್ಕನ ಜೊತೆ ಅದನ್ನ ನೋಡ್ತೀನಿ.